ಡ್ರೋನ್ ಮ್ಯಾಪ್ ನಂಬಿ ಗೊಬ್ಬರ ಹಾಕುವ ಮೊದಲು ಪ್ಯಾನಲ್ ಫೋಟೊ ಕೇಳಿ

ಪುಣೆ ಸುತ್ತಮುತ್ತ ಜಮೀನು ಮಾಡುತ್ತಿರುವ, ಅಥವಾ ಊರಿನ ಹೊಲಕ್ಕೆ ಇಲ್ಲಿಂದ ಡ್ರೋನ್ ಸರ್ವೆಯವರನ್ನು ಕಳಿಸುತ್ತಿರುವ ನಮ್ಮ ಕನ್ನಡದವರು ದಯವಿಟ್ಟು ಇದನ್ನು ಓದಿ. ಕ್ಯಾಲಿಬ್ರೇಶನ್ ಮಾಡದ, ಅಂದರೆ ಪ್ಯಾನಲ್ ಅನ್ನುವ ಬೂದು ಚೌಕದ ಫೋಟೊ ಹಿಡಿದು ಆ ದಿನದ ಬೆಳಕಿಗೆ ಲೆಕ್ಕ ಸರಿಮಾಡದ ಮಲ್ಟಿಸ್ಪೆಕ್ಟ್ರಲ್ ಮ್ಯಾಪ್ ನಂಬಿ ನಮ್ಮ ಕಾಕಾ ದುಡ್ಡೂ ಕಳೆದುಕೊಂಡರು, ಬೆಳೆಯೂ ಕೆಟ್ಟಿತು.

ಕಾಕಾ ದೌಂಡ್ ಹತ್ತಿರ ಭೀಮಾ ನದಿ ದಂಡೆಯಲ್ಲಿ ಕಬ್ಬು ಬೆಳೆಯುತ್ತಾರೆ. ಒಂದು ಸರ್ವೆ ಕಂಪನಿಯವರು ಬಂದು ಐದು ಬ್ಯಾಂಡಿನ, ಅಂದರೆ ಐದು ಬಗೆಯ ಬೆಳಕನ್ನು ಬೇರೆಬೇರೆಯಾಗಿ ಅಳೆಯುವ ಕ್ಯಾಮೆರಾ ಹಾರಿಸಿ, ಬೆಳೆ ಎಷ್ಟು ಹಸಿರಾಗಿ ಸೊಂಪಾಗಿದೆ ಅಂತ ತೋರಿಸುವ ಎನ್‌ಡಿವಿಐ ಮ್ಯಾಪ್ ಕೊಟ್ಟರು. ಹೊಲವೆಲ್ಲ ಹಸಿರು. ಮಳೆಗಾಲದಲ್ಲಿ ಮತ್ತೆ ಬಂದು ಹಾರಿಸಿದರು. ಈ ಸಲ ಅರ್ಧ ಹೊಲ ಕೆಂಪು. ಸಾರಜನಕ ಕಮ್ಮಿಯಾಗಿದೆ, ತಕ್ಷಣ ಯೂರಿಯಾ ಹಾಕಿ ಅಂತ ವರದಿಯಲ್ಲೇ ಬರೆದಿದ್ದರು. ಕಾಕಾ ಹಾಕಿಸಿದರು. ಬೇಡದ ಯೂರಿಯಾ ಸಿಕ್ಕಿ ಕಬ್ಬು ಸೊಕ್ಕಿ ಬೆಳೆಯಿತು, ಗಾಳಿ ಮಳೆಗೆ ಮಲಗಿಬಿಟ್ಟಿತು.

ನಾನು ಪುಣೆಯಲ್ಲಿ ಜಿಐಎಸ್ (ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ) ಕೆಲಸ ಮಾಡುತ್ತೇನೆ. ಕಾಕಾ ಆಮೇಲೆ ಎರಡೂ ವರದಿ ಕಳಿಸಿದಾಗ ಮೊದಲು ಕಣ್ಣಿಗೆ ಬಿದ್ದಿದ್ದು ಆ ಕೆಂಪು ಪಟ್ಟೆಗಳು. ನೆಟ್ಟಗೆ, ಒಂದೇ ಅಗಲಕ್ಕೆ ಇದ್ದವು. ಕಬ್ಬಿನ ಸಾಲು ಬೇರೆ ದಿಕ್ಕಿಗೆ ಹೋಗುತ್ತದೆ. ಪಟ್ಟೆಗಳು ಡ್ರೋನ್ ಹೋಗಿ ಬಂದ ದಾರಿಯನ್ನೇ ಹಿಡಿದಿದ್ದವು. ಹಾರುವಾಗ ಮೋಡ ಬಂದು ಹೋದರೆ ಹೀಗಾಗುತ್ತದೆ. ಪಂಪ್ ಶೆಡ್ಡಿನ ಸಿಮೆಂಟ್ ಚಾವಣಿಯ ಅಂಕಿಯನ್ನೂ ನೋಡಿದೆ. ಅದೂ ಇಳಿದಿತ್ತು! ಸಿಮೆಂಟಿಗೂ ಸಾರಜನಕ ಕಮ್ಮಿಯಾಯಿತೇ?

ವರದಿಯ ಕೊನೆಯಲ್ಲಿದ್ದ ಪ್ಯಾನಲ್ ಫೋಟೊ ನೋಡಿ ನಿಜಕ್ಕೂ ಸಿಟ್ಟು ಬಂತು. ಎರಡು ವರದಿಗೂ ಒಂದೇ ಫೋಟೊ. ಬೂದು ಚೌಕದ ಮೂಲೆಯಲ್ಲಿ ಬಿದ್ದ ಒಣ ರವದಿ ಚೂರು ಎರಡರಲ್ಲೂ ಅದೇ ಜಾಗದಲ್ಲಿದೆ. ಮೊದಲ ದಿನದ ಬಿಸಿಲಿನ ಲೆಕ್ಕವನ್ನೇ ಮೋಡದ ದಿನಕ್ಕೂ ಹಚ್ಚಿದ್ದಾರೆ.

ಕ್ಯಾಮೆರಾಗೆ ಸಿಗುವುದು ಬರೀ ಬೆಳಕಿನ ಅಂಕಿ. ಎಲೆ ಬದಲಾಯಿತೋ ಬಿಸಿಲು ಬದಲಾಯಿತೋ ಅದಕ್ಕೆ ಗೊತ್ತಾಗಲ್ಲ. ಪ್ಯಾನಲ್ ಒಂದೊಂದು ಬ್ಯಾಂಡಿನಲ್ಲಿ ಎಷ್ಟು ಬೆಳಕು ವಾಪಸ್ ಕಳಿಸುತ್ತದೆ ಅನ್ನುವುದನ್ನು ಲ್ಯಾಬಿನಲ್ಲಿ ಅಳೆದಿರುತ್ತಾರೆ. ಹಾರಿಸುವ ಹೊತ್ತಿನ ಬೆಳಕಿನಲ್ಲೇ ಅದರ ಫೋಟೊ ತೆಗೆದರೆ, ಅದನ್ನು ಹಿಡಿದು ಎಲೆಯ ಲೆಕ್ಕ ಹಾಕಬಹುದು.

ಎನ್‌ಡಿವಿಐ ಅನುಪಾತ ತಾನೆ, ಬೆಳಕು ಕಮ್ಮಿಯಾದರೂ ವ್ಯತ್ಯಾಸ ಆಗಲ್ಲ ಅಂತ ಕಂಪನಿಯವರು ವಾದ ಮಾಡಿದರು. ಕೆಂಪು ಬೆಳಕು ಮತ್ತು ಕಣ್ಣಿಗೆ ಕಾಣದ ನಿಯರ್ ಇನ್‌ಫ್ರಾರೆಡ್ ಬೆಳಕು, ಇವೆರಡರ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಬರುವುದೇ ಎನ್‌ಡಿವಿಐ. ಎರಡೂ ಒಂದೇ ಪ್ರಮಾಣದಲ್ಲಿ ಇಳಿದರೆ ಮಾತ್ರ ಆ ಮಾತು ಸರಿ. ಮೋಡದಡಿ ಹಾಗೆ ಇಳಿಯಲ್ಲ. ಎಲೆ ವಾಪಸ್ ಕಳಿಸುವ ಕೆಂಪು 0.05, ನಿಯರ್ ಇನ್‌ಫ್ರಾರೆಡ್ 0.45 ಇದ್ದರೆ ಎನ್‌ಡಿವಿಐ 0.80. ಕೆಂಪು ಒಂದೇ ತಪ್ಪಾಗಿ 0.08 ಅಂತ ಬಂದರೂ ಸಾಕು, ಅದು 0.70ಕ್ಕೆ ಇಳಿಯುತ್ತದೆ. ಎಲೆ ಹಾಗೇ ಇರುತ್ತದೆ.

ಡ್ರೋನ್ ಮೇಲೆ ಲೈಟ್ ಸೆನ್ಸರ್ ಇದೆ, ಪ್ಯಾನಲ್ ಬೇಕಿಲ್ಲ ಅಂತಲೂ ಹೇಳಿದರು. ಮಧ್ಯದಲ್ಲಿ ಬೆಳಕು ಬದಲಾದರೆ ಸೆನ್ಸರ್ ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ ಡ್ರೋನ್ ವಾಲಿದಾಗ ಅದೂ ತಪ್ಪು ಓದುತ್ತದೆ. ಎರಡೂ ಬೇಕು. ಡಿಜಿಸಿಎ (ಕೇಂದ್ರದ ವಿಮಾನಯಾನ ನಿರ್ದೇಶನಾಲಯ) ಪೈಲಟ್ ಸರ್ಟಿಫಿಕೇಟ್ ತೋರಿಸಿದರೆ ಸುಮ್ನೆ ಸಮಾಧಾನ ಆಗಬೇಡಿ. ಅದು ಹಾರಿಸೋಕೆ ಪರವಾನಗಿ, ಅಳತೆ ಸರಿಯಿದೆ ಅನ್ನೋದಕ್ಕೆ ಗ್ಯಾರಂಟಿ ಅಲ್ಲ.

ಸರ್ವೆಯವರು ಬಂದಾಗ ಹೊಲದಲ್ಲೇ ಇದ್ದು ನೋಡಿ. ಹಾರಿಸುವ ಮೊದಲು ಒಮ್ಮೆ, ಇಳಿಸಿದ ಮೇಲೆ ಒಮ್ಮೆ ಪ್ಯಾನಲ್ ಫೋಟೊ ತೆಗೆಯಬೇಕು. ಅದರ ಮೇಲೆ ಯಾರ ನೆರಳೂ ಬೀಳಬಾರದು. ಬೆಳೆಯ ನಡುವೆ ಇಡಲು ಬಿಡಬೇಡಿ. ಹಸಿರು ಎಲೆ ನಿಯರ್ ಇನ್‌ಫ್ರಾರೆಡ್ ಬೆಳಕನ್ನು ಜಾಸ್ತಿ ಎರಚುತ್ತದೆ, ಅದು ಪ್ಯಾನಲ್ ಮೇಲೂ ಬೀಳುತ್ತದೆ. ಬಿಳಿ ಕಾರಿನ ಪಕ್ಕವೂ ಬೇಡ, ಬಯಲಲ್ಲಿ ಇಡಿಸಿ. ಪ್ಯಾನಲ್ ಕೊಳೆಯಾಗಿದ್ದರೆ, ಗೀರು ಬಿದ್ದಿದ್ದರೆ ಲ್ಯಾಬಿನ ಅಂಕಿ ಅದಕ್ಕೆ ಹೊಂದಲ್ಲ. ಮೋಡ ಬಂದು ಹೋಗುತ್ತಿದ್ದರೆ ಇನ್ನೊಂದು ದಿನ ಬನ್ನಿ ಅಂತ ಹೇಳಿಬಿಡಿ.

ಮ್ಯಾಪ್ ಕೆಂಪಾಗಿ ಬಂದರೆ ಚೀಲ ಬಿಚ್ಚುವ ಮೊದಲು ಆ ಜಾಗಕ್ಕೆ ಹೋಗಿ ಕಬ್ಬಿನ ಕೆಳಗಿನ ಹಳೇ ಎಲೆ ನೋಡಿ. ಸಾರಜನಕ ಕಮ್ಮಿಯಾದರೆ ಮೊದಲು ಹಳದಿ ತಿರುಗುವುದು ಅವೇ.

ನಾವು ಕಚ್ಚಾ ಟಿಫ್ ಫೈಲು (ಕ್ಯಾಮೆರಾ ತೆಗೆದ ಮೂಲ ಫೋಟೊಗಳು) ಕೇಳಿದಾಗ, ಡಿಲೀಟ್ ಮಾಡಿದ್ದೇವೆ ಅಂದುಬಿಟ್ಟರು. ಹಾಗಾಗಿ ಪ್ಯಾನಲ್ ಫೋಟೊ ಸಮೇತ ಎಲ್ಲ ಕಚ್ಚಾ ಫೈಲು ಕೊಡಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಅವು ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ.