ಮಲೆನಾಡಿನ ಮಳೆಗೂ ಜಲವರ್ಣಕ್ಕೂ ಒಗ್ಗುವ ಹಾಳೆ ಯಾವುದು?

ಜಲವರ್ಣದಲ್ಲಿ ನಿಸರ್ಗಚಿತ್ರ ಬರೆಯುವವರಿಗೆ ನಾನು ಹೇಳುವ ಕಾಗದ ಯಾವುದೆಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ: ಪೂರ್ತಿ ಹತ್ತಿಯ, 300 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ) ತೂಕದ, ಕೋಲ್ಡ್ ಪ್ರೆಸ್ ಎಂಬ ತುಸು ತರಿಯಾದ ಮೇಲ್ಮೈಯ ಬಿಡಿ ಹಾಳೆ. ಇದರ ಜೊತೆಗೆ ನಾನು ಬಳಸಿ ನೋಡಿದ್ದು ಮೂರು ಬಗೆ. ಅದೇ ಹತ್ತಿಯ ಹಾಳೆಗಳ ಅಂಚುಗಳಿಗೆ ಅಂಟು ಹಾಕಿ ಕಟ್ಟಾಗಿ ಮಾರುವ ಬ್ಲಾಕ್, ಮರದ ತಿರುಳಿನಿಂದ ತಯಾರಾದ ಅಗ್ಗದ ಪ್ಯಾಡ್ ಮತ್ತು ದೇಸಿ ಕೈಕಾಗದ. ಬಣ್ಣ ಮತ್ತು ಕುಂಚಗಳ ಬಗ್ಗೆ ಬೇಕಾದಷ್ಟು ಚರ್ಚೆ ನಡೆಯುತ್ತಲೇ ಇರುತ್ತದೆ. ಆದರೆ ನಮ್ಮ ಕಡೆಯ ಹವೆಯಲ್ಲಿ ಚಿತ್ರವನ್ನು ಗೆಲ್ಲಿಸುವುದೂ ಕೆಡಿಸುವುದೂ ಹೆಚ್ಚಾಗಿ ಕಾಗದವೇ.

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದಾಚೆ, ಆಗುಂಬೆಯ ಮೋಡಗಳು ಮುಂದೆ ಸಾಗುವ ದಾರಿಯಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ, ಆರಿದ್ರಾ ಮಳೆ ಹಿಡಿದರೆ ಆಶ್ಲೇಷ ಮುಗಿಯುವವರೆಗೆ ಒಗೆದ ಬಟ್ಟೆ ಸರಿಯಾಗಿ ಒಣಗುವುದಿಲ್ಲ. ನಾನು ಬರೆಯುವುದು ಮನೆಯ ಸುತ್ತಲಿನ ವರ್ಷವನ್ನು. ಮಳೆಗಾಲದಲ್ಲಿ ಮಂಜು ತುಂಬಿದ ಅಡಿಕೆ ತೋಟ ಮತ್ತು ಕಂಬಳಿ ಕೊಪ್ಪೆ ಹೊದ್ದು ತೋಟಕ್ಕೆ ಇಳಿಯುವ ಮನೆಯವರು. ಕೊಯ್ಲಿನ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯುವ ಕತ್ತಿಯಾದ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತ ನೆಂಟರು, ನೆರೆಯವರು. ಬೇಸಿಗೆಯಲ್ಲಿ ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಹರಡುವ ಅತ್ತೆ. ಋತು ಬದಲಾದಂತೆ ಚಿತ್ರದ ವಸ್ತುವಿನೊಂದಿಗೆ ಹಾಳೆಯ ಗುಣವೂ ಬದಲಾಗುತ್ತದೆ ಎಂಬುದು, ಒಣಹವೆಯ ಊರುಗಳಲ್ಲಿ ಕುಳಿತು ಕಾಗದಗಳನ್ನು ಹೋಲಿಸುವವರ ಗಮನಕ್ಕೆ ಅಷ್ಟಾಗಿ ಬಂದಂತಿಲ್ಲ.

ಬ್ಲಾಕಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಾನು ಅತಿ ಹೆಚ್ಚು ಹಣ ಕೊಟ್ಟದ್ದು ಅದಕ್ಕೆ. ಅದರ ಉಪಾಯ ಸೊಗಸಾಗಿದೆ. ತೆಳುವಾದ ಜಲವರ್ಣದ ಕಾಗದ ನೀರು ಬಿದ್ದೊಡನೆ ಉಬ್ಬಿ ಅಲೆಯಾಗುವುದರಿಂದ, ಅದನ್ನು ನೆನೆಸಿ ಹಲಗೆಗೆ ಗಮ್ ಟೇಪಿನಿಂದ ಬಿಗಿದು ಒಣಗಿಸಿಕೊಳ್ಳುವುದು ಹಳೆಯ ಪದ್ಧತಿ. ಬ್ಲಾಕಿನಲ್ಲಿ ಆ ಕೆಲಸವನ್ನು ಸುತ್ತಲಿನ ಅಂಟೇ ಮಾಡುತ್ತದೆ. ಚಿತ್ರ ಬರೆಯುವಾಗ ಹಾಳೆ ಉಬ್ಬಿದರೂ, ಒಣಗಿದ ಮೇಲೆ ತಮಟೆಯಂತೆ ಬಿಗಿಯಾಗುತ್ತದೆ. ಆಮೇಲೆ ಅಂಟಿಲ್ಲದೆ ಬಿಟ್ಟ ಸಣ್ಣ ಸಂದಿನಲ್ಲಿ ಮೊಂಡು ಚಾಕುವನ್ನು ತೂರಿಸಿ ಸುತ್ತ ಬಿಡಿಸಿದರೆ ಚಿತ್ರ ಕೈಗೆ ಬರುತ್ತದೆ. ಇದೆಲ್ಲವೂ ನಿಂತಿರುವುದು ‘ಒಣಗಿದ ಮೇಲೆ’ ಎಂಬ ಒಂದು ಮಾತಿನ ಮೇಲೆ.

ಜನವರಿಯಲ್ಲಿ ಅರ್ಧ ಗಂಟೆಯೊಳಗೆ ಒಣಗುವ ಆಕಾಶದ ವಾಶ್ (ನೀರಾದ ಬಣ್ಣದ ತೆಳು ಪದರ), ಪುಷ್ಯ ಮಳೆಯಲ್ಲಿ ಬೆಳಿಗ್ಗೆ ಬಳಿದರೆ ಸಂಜೆಗೂ ಕೈಗೆ ತಣ್ಣಗೆ ತಾಗುತ್ತದೆ. ತಣ್ಣಗಿದೆ ಎಂದರೆ ಒಳಗೆ ಇನ್ನೂ ತೇವವಿದೆ ಎಂದರ್ಥ. ಆ ಸ್ಥಿತಿಯಲ್ಲಿ ಹಾಳೆಯನ್ನು ಬಿಡಿಸಿದರೆ ಅದು ಹಪ್ಪಳದಂತೆ ಸುರುಳಿಕೊಳ್ಳುತ್ತದೆ, ತಾನಾಗಿ ಮತ್ತೆ ಚಪ್ಪಟೆಯಾಗುವುದಿಲ್ಲ. ಬಿಡಿಸದಿದ್ದರೆ ಅದರ ಕೆಳಗಿನ ಹಾಳೆಗಳೆಲ್ಲ ಬೀಗ ಹಾಕಿದಂತೆ. ಹೀಗೆ ಇಡೀ ಬ್ಲಾಕಿನ ಬೆಲೆ ತೆತ್ತ ಮೇಲೂ ಮಳೆಗಾಲದಲ್ಲಿ ನನಗೆ ಒಮ್ಮೆಗೆ ಸಿಗುವುದು ಒಂದೇ ಹಾಳೆ. ಜಗಲಿಯಲ್ಲಿ ಕುಳಿತು ತೋಟದ ಮಂಜಿಗೆ ಮೊದಲ ಪದರ ಹಾಕಿ ಕಾಯುತ್ತಿರುವಾಗಲೇ, ಮಳೆ ತಾಗದಂತೆ ಅಡಿಕೆ ಗೊನೆಗಳಿಗೆ ಕೊಟ್ಟೆ ಕಟ್ಟುವ ಆಳುಗಳು ಕೆಲಸ ಮುಗಿಸಿ ಬಂದು ಮೆಟ್ಟಿಲ ಬಳಿ ಎಲೆಯಡಿಕೆ ಹಾಕುತ್ತ ನಿಲ್ಲುತ್ತಾರೆ. ಹಿಡಿಯಬೇಕಾದ ನಿಲುವು ಕಣ್ಣೆದುರೇ ಇದ್ದರೂ ಬರೆಯಲು ಖಾಲಿ ಹಾಳೆ ಇಲ್ಲ. ಮನೆಯವರ ನಡುವೆ ಕುಳಿತು ಬರೆಯುವವರಿಗೆ ಇದು ಸಣ್ಣ ಅಡಚಣೆಯಲ್ಲ, ಏಕೆಂದರೆ ಯಾರೂ ನಮ್ಮ ಹಾಳೆ ಒಣಗಲಿ ಎಂದು ನಿಲ್ಲುವುದಿಲ್ಲ.

ಒಣಗಿಸಲು ನಾನು ಮಾಡಿದ ಉಪಾಯಗಳನ್ನೂ ಹೇಳುತ್ತೇನೆ. ಹೇರ್ ಡ್ರೈಯರ್ ಬಳಸಿ ಎಂದು ಎಲ್ಲರೂ ಹೇಳುತ್ತಾರೆ. ಮೊದಲನೆಯದಾಗಿ, ಗಾಳಿಮಳೆಯ ದಿನ ನಮ್ಮಲ್ಲಿ ಕರೆಂಟ್ ಇರುವುದಿಲ್ಲ. ಇದ್ದಾಗಲೂ, ನೀರು ಇನ್ನೂ ಹೊಳೆಯುತ್ತಿರುವಾಗ ಬಿಸಿಗಾಳಿ ಬಿಟ್ಟರೆ ಬಣ್ಣ ಒಂದು ಕಡೆಗೆ ಸರಿದು ಗೆರೆ ಕಟ್ಟುತ್ತದೆ. ಮಂಜಿನ ಚಿತ್ರಕ್ಕೆ ಆ ಗೆರೆ ಪೂರ್ತಿ ಕೇಡು. ಎರಡನೆಯ ಉಪಾಯವಾಗಿ ಬ್ಲಾಕನ್ನು ಬಚ್ಚಲ ಒಲೆಯ ಪಕ್ಕದ ಕಟ್ಟೆಯ ಮೇಲಿಟ್ಟೆ. ಒಲೆಯ ಕಡೆಯ ಅಂಚು ಬೇಗ ಒಣಗಿ ಎಳೆಯತೊಡಗಿ, ಅಲ್ಲಿನ ಅಂಟು ಮೇಲಿನ ಎರಡು ಹಾಳೆಗಳಿಂದ ಬಿಟ್ಟುಕೊಂಡಿತು. ಮರುದಿನ ಬಳಿದ ನೀರು ಆ ಸಂದಿನಿಂದ ಕೆಳಗಿಳಿದು, ಇನ್ನೂ ಮುಟ್ಟದ ಹಾಳೆಯ ಅಂಚಿನಲ್ಲಿ ಕಂದು ಗೆರೆ ಮೂಡಿಸಿತು. ಅಲ್ಲಿಂದ ಮುಂದೆ ಅದು ಬ್ಲಾಕ್ ಆಗಿ ಉಳಿಯಲಿಲ್ಲ, ದುಬಾರಿ ಬಿಡಿ ಹಾಳೆಗಳ ಕಟ್ಟಾಯಿತು.

ಬಿಡಿ ಹಾಳೆಗೆ ಈ ತೊಂದರೆ ಇಲ್ಲ. 22×30 ಇಂಚಿನ ಪೂರ್ಣ ಹಾಳೆಯನ್ನು ಎರಡು ಬಾರಿ ಮಡಚಿ ಹರಿದರೆ 11×15 ಇಂಚಿನ ನಾಲ್ಕು ತುಂಡುಗಳಾಗುತ್ತವೆ. ಅವನ್ನು ಪ್ಲೈವುಡ್ ತುಂಡುಗಳಿಗೆ ಮಾಸ್ಕಿಂಗ್ ಟೇಪಿನಿಂದ ಅಂಟಿಸಿಟ್ಟುಕೊಂಡರೆ, ಒಂದು ಒಣಗುತ್ತಿರುವಾಗ ಇನ್ನೊಂದರಲ್ಲಿ ಕೆಲಸ ನಡೆಯುತ್ತದೆ. ಆಶ್ಲೇಷದಲ್ಲಿ ನಮ್ಮ ಅಟ್ಟದ ಮೇಲೆ ಆಕಾಶ ಮಾತ್ರ ಬಳಿದ ಹಲಗೆಗಳು ಅಕ್ಕಪಕ್ಕದಲ್ಲಿ ಮಲಗಿರುತ್ತವೆ. ಟೇಪು ಮಾತ್ರ ತೇವಕ್ಕೆ ಹಿಡಿತ ಬಿಡುತ್ತದೆ. ನಾಲ್ಕು ಮೂಲೆಗೂ ಕ್ಲಿಪ್ ಹಾಕುವುದು ಒಳ್ಳೆಯದು.

ಬ್ಲಾಕಿಗೆ ಸಲ್ಲಬೇಕಾದ ಹೊಗಳಿಕೆ ಸಲ್ಲಲಿ: ಬೇಸಿಗೆಯಲ್ಲಿ ಕುಂದಾದ್ರಿ ಬೆಟ್ಟದ ಮೇಲೆ ಕುಳಿತು ಬರೆಯಲು ಅದಕ್ಕಿಂತ ಸುಖವಾದದ್ದಿಲ್ಲ. ಹಲಗೆ ಹೊರುವ ಕೆಲಸವಿಲ್ಲ, ಗಾಳಿಗೆ ಹಾಳೆ ಹಾರುವುದಿಲ್ಲ.

ಹತ್ತಿಯ ಕಾಗದಕ್ಕೆ, ಬ್ಲಾಕಾಗಲಿ ಬಿಡಿಯಾಗಲಿ, ನಮ್ಮ ಹವೆಯಲ್ಲಿ ಇನ್ನೊಂದು ರೋಗವಿದೆ. ನೀರನ್ನು ಒಮ್ಮೆಲೇ ಹೀರದಿರಲೆಂದು ಕಾಗದಕ್ಕೆ ಸೈಜಿಂಗ್ ಎಂಬ ಲೇಪ ಕೊಟ್ಟಿರುತ್ತಾರೆ. ಒಳ್ಳೆಯ ಹಾಳೆಗಳಲ್ಲಿ ಅದು ಹಲವು ವೇಳೆ ಜೆಲಟಿನ್. ದೀರ್ಘಕಾಲ ತೇವದಲ್ಲಿದ್ದರೆ ಈ ಲೇಪ ಅಲ್ಲಲ್ಲಿ ಸಾಯುತ್ತದೆ, ಬೂಷ್ಟಿಗೂ ಅದು ಆಹಾರವಾಗುತ್ತದೆ. ಹಾಳೆ ನೋಡಲು ಬೆಳ್ಳಗೆ ಚೆನ್ನಾಗಿಯೇ ಇರುತ್ತದೆ. ಬಣ್ಣ ಬಿದ್ದ ಕೂಡಲೇ ಆಕಾಶದ ನಡುವೆ ಎಣ್ಣೆ ಚಿಮ್ಮಿದಂತೆ ಕಪ್ಪು ಚುಕ್ಕೆಗಳು ಏಳುತ್ತವೆ, ಅಲ್ಲಿ ಬಣ್ಣ ಒತ್ತುಕಾಗದದಲ್ಲಿ ಇಂಗಿದಂತೆ ಇಂಗಿರುತ್ತದೆ. ಇದಕ್ಕೆ ಮದ್ದಿಲ್ಲ. ಚಿತ್ರ ಶುರುಮಾಡುವ ಮೊದಲು ಹಾಳೆಯ ಹಿಂಬದಿಯ ಮೂಲೆಗೆ ಒದ್ದೆ ಕುಂಚ ಎಳೆದು, ನೀರು ಒಂದೇ ಸಮ ಹೊಳೆಯುತ್ತದೆಯೇ ನೋಡಬೇಕು. ಅಲ್ಲಲ್ಲಿ ಮಂಕಾದರೆ ಆ ಹಾಳೆಯನ್ನು ಗೌಶ್ (ದಪ್ಪ, ಅಪಾರದರ್ಶಕ ಜಲವರ್ಣ) ಅಥವಾ ಪೇಸ್ಟಲ್ ಕೆಲಸಕ್ಕೆ ಇಟ್ಟುಕೊಳ್ಳಬೇಕು. ಈಗ ನನ್ನ ಹಾಳೆಗಳು ಮಳೆಗಾಲವನ್ನು ಕಳೆಯುವುದು ಅತ್ತೆಯವರು ಹಪ್ಪಳ ಇಡುವ ಗಾಳಿಯಾಡದ ದೊಡ್ಡ ಡಬ್ಬಗಳ ಜೊತೆಗೆ, ಅಂಥದೇ ಒಂದು ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ. ಹಪ್ಪಳ ಮೆತ್ತಗಾಗದ ಜಾಗದಲ್ಲಿ ಹಾಳೆಯೂ ಕೆಡುವುದಿಲ್ಲ ಎಂಬುದು ಅವರ ವಾದ. ಇದುವರೆಗೆ ಅದು ಸುಳ್ಳಾಗಿಲ್ಲ.

ಇನ್ನು ಮರದ ತಿರುಳಿನ ಪ್ಯಾಡ್. ಹತ್ತಿಯ ಹಾಳೆ ನೀರನ್ನು ಒಳಗೆ ಹಿಡಿದಿಟ್ಟುಕೊಂಡು ನಿಧಾನವಾಗಿ, ಎಲ್ಲೆಡೆ ಒಂದೇ ಸಮನಾಗಿ ಬಿಡುತ್ತದೆ. ತಿರುಳಿನ ಕಾಗದದಲ್ಲಿ ನೀರು ಮೇಲೆಯೇ ನಿಂತು ಎಲ್ಲೆಂದರಲ್ಲಿ ಒಣಗುತ್ತದೆ. ಮಾಘದ ಒಣಗಾಳಿಯಲ್ಲಿ ಈ ಪ್ಯಾಡಿನ ಮೇಲೆ ಇಬ್ಬನಿಯ ಬೆಳಗನ್ನು ಬರೆಯಲು ಕುಳಿತರೆ, ತೋಟದ ಗೆರೆಯನ್ನು ಆಕಾಶದೊಳಗೆ ಕರಗಿಸುವಷ್ಟರಲ್ಲಿ ಅರ್ಧ ಆಕಾಶ ಒಣಗಿರುತ್ತದೆ, ಉಳಿದರ್ಧದಲ್ಲಿ ನೀರು ಹರಡಿ ಹೂಕೋಸಿನಂಥ ಸುಕ್ಕು ಅಂಚು ಮೂಡಿರುತ್ತದೆ. ಊಟಿಯ ಮಂಜನ್ನೂ ಬೆಳಕನ್ನೂ ಬರೆದ ಕೆ. ವೆಂಕಟಪ್ಪನವರ (1886–1965) ಜಲವರ್ಣಗಳನ್ನು ಮೆಚ್ಚಿ ಅಂಥ ಮೃದು ಅಂಚಿಗೆ ಆಸೆಪಡುವವರು ಒಣಹವೆಯಲ್ಲಿ ತಿರುಳಿನ ಕಾಗದವನ್ನು ನಂಬಬಾರದು.

ಆದರೆ ಮಳೆಗಾಲದಲ್ಲಿ ಇದೇ ಕಾಗದ ಬೇರೆಯೇ ಆಗುತ್ತದೆ. ಗಾಳಿಯಲ್ಲೇ ನೀರು ತುಂಬಿರುವಾಗ ಅದರ ಮೇಲ್ಮೈ ಬೇಗ ಒಣಗುವುದಿಲ್ಲವಾದ್ದರಿಂದ, ಒದ್ದೆಯ ಮೇಲೆ ಒದ್ದೆ ಬಣ್ಣ ಬಿಡುವ ಕೆಲಸಕ್ಕೆ ಹತ್ತಿಯ ಹಾಳೆಯಷ್ಟೇ ಅವಕಾಶ ಸಿಗುತ್ತದೆ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬೆರೆಸಿದ ಮಳೆಮೋಡದ ಬೂದುಬಣ್ಣವನ್ನು ನಾನು ಮೊದಲು ಅಗ್ಗದ ಪ್ಯಾಡಿನಲ್ಲೇ ಪಳಗಿಸಿಕೊಳ್ಳುತ್ತೇನೆ.

ಅದು ಸೋಲುವುದು ಪದರಗಳಲ್ಲಿ. ಅಡಿಕೆ ತೋಟವೆಂದರೆ ಹಸುರಿನ ಮೇಲೆ ಹಸುರು: ಹಿಂದೆ ತಿಳಿ, ನಡುವೆ ಗಾಢ, ಮುಂದೆ ಕಪ್ಪೆನ್ನಿಸುವಷ್ಟು ಗಾಢ. ತಿರುಳಿನ ಕಾಗದದ ಮೇಲೆ ಎರಡನೆಯ ಹಸುರು ಬಳಿಯುವಾಗ ಮೊದಲನೆಯದು ಕುಂಚಕ್ಕೆ ಹತ್ತಿಕೊಂಡು ಎದ್ದು ಬರುತ್ತದೆ, ಮೂರನೆಯದಕ್ಕೆ ಎಲ್ಲವೂ ಕೆಸರು. ಹತ್ತಿಯ ಹಾಳೆಯಲ್ಲಿ ಮೊದಲ ಪದರ ಒಣಗಿದ ಮೇಲೆ, ಹಗುರ ಕೈಯಿಂದ ಬಳಿದರೆ, ಕದಲುವುದಿಲ್ಲ. ಇದೇ ಗುಣ ತಿರುಗಿ ಬೀಳುವುದೂ ಉಂಟು. ಮುಖದ ಮೇಲೆ ಬಿದ್ದ ದೀಪದ ಬೆಳಕನ್ನು ಒದ್ದೆ ಕುಂಚದಿಂದ ಬಣ್ಣವೆತ್ತಿ ತೋರಿಸಬೇಕೆಂದರೆ ಹತ್ತಿಯ ಹಾಳೆ ಬಣ್ಣವನ್ನು ಬಿಟ್ಟುಕೊಡುವುದಿಲ್ಲ, ತಿರುಳಿನ ಕಾಗದ ಸಲೀಸಾಗಿ ಬಿಟ್ಟುಕೊಡುತ್ತದೆ. ಆದ್ದರಿಂದ ಅಡಿಕೆ ಸುಲಿಯುವವರ ರಾತ್ರಿಯ ಚಿತ್ರಗಳಲ್ಲಿ ಮೊದಲ ಅಭ್ಯಾಸಗಳೆಲ್ಲ ಪ್ಯಾಡಿನಲ್ಲೇ ಆಗುತ್ತವೆ: ಬಲ್ಬಿನ ಕೆಳಗೆ ಬಗ್ಗಿದ ತಲೆಗಳು, ಮೆಟ್ಟುಗತ್ತಿಯ ಅಲಗಿನ ಹೊಳಪು, ಅಡಿಕೆಯ ಕಲೆಯಾದ ಚೊಗರು ಹಿಡಿದು ಕಪ್ಪಾದ ಬೆರಳ ತುದಿಗಳು. (ಆ ಕಪ್ಪಿಗೆ ಕಪ್ಪು ಬಣ್ಣ ಬಳಸಬೇಡಿ, ಬರ್ನ್ಟ್ ಸಿಯೆನ್ನಾಕ್ಕೆ ಚೂರು ಅಲಿಜರಿನ್ ಕೆಂಪು, ಚೂರು ಅಲ್ಟ್ರಾಮರೀನ್ ಸೇರಿಸಿದರೆ ಚೊಗರು ಅಲ್ಲೇ ಇದೆ.)

ಬಿಳಿಯಾಗಿ ಉಳಿಯಬೇಕಾದ ಜಾಗಕ್ಕೆ ಬಳಿದು ಆಮೇಲೆ ಕಿತ್ತು ತೆಗೆಯುವ ಮಾಸ್ಕಿಂಗ್ ಫ್ಲೂಯಿಡ್ ಮಳೆಗಾಲದಲ್ಲಿ ಯಾವ ಕಾಗದದ ಮೇಲೂ ಬೇಡ. ದಿನಗಟ್ಟಲೆ ಕುಳಿತರೆ ಕಾಗದದ ಮೇಲ್ಪದರವನ್ನೂ ಕಿತ್ತುಕೊಂಡು ಬರುತ್ತದೆ.

ಕೈಕಾಗದದ ಅಂಚು ಚೆಂದ, ಮೈ ಚೆಂದ, ಬೆಲೆ ಹಗುರ. ನನಗೆ ಸಿಕ್ಕ ಹಾಳೆಗಳಲ್ಲಿ ಲೇಪ ಒಂದರಂತೆ ಇನ್ನೊಂದರಲ್ಲಿ ಇರಲಿಲ್ಲ, ಎರಡು ಸಲ ಕುಂಚ ತಿಕ್ಕಿದರೆ ನಾರು ಏಳುತ್ತಿತ್ತು. ಶಾಯಿಯ ಗೆರೆಗೆ ತೆಳುವಾದ ಬಣ್ಣ ಹಾಕುವವರಿಗೆ ಧಾರಾಳವಾಗಿ ಸಾಕು. ನಯವಾದ ಹಾಟ್ ಪ್ರೆಸ್ ಹಾಳೆ ಮುಖಗಳಿಗೆ, ಒರಟಾದ ರಫ್ ಹಾಳೆ ಬಂಡೆಗಳಿಗೆ ಸರಿ. ಎರಡನ್ನೂ ಇಟ್ಟುಕೊಳ್ಳುವ ಅಗತ್ಯ ನನಗೆ ಕಂಡಿಲ್ಲ.

ಖರ್ಚಿನ ಲೆಕ್ಕದಲ್ಲಿ ಹತ್ತಿಯ ಹಾಳೆ ತಿರುಳಿನದಕ್ಕಿಂತ ಮೂರು ನಾಲ್ಕು ಪಟ್ಟು ದುಬಾರಿ ಎಂಬುದು ನಿಜ. ಆದರೆ ಬಿಡಿ ಹಾಳೆಯನ್ನು ಬೇಕಾದಷ್ಟೇ ಕೊಳ್ಳಬಹುದು, ಕೆಟ್ಟ ಚಿತ್ರದ ಹಿಂಬದಿಯನ್ನೂ ಬಳಸಬಹುದು, ಎಂಟು ತುಂಡು ಮಾಡಿದರೆ ಒಂದು ಸಣ್ಣ ಚಿತ್ರದ ಖರ್ಚು ಕೈಗೆಟುಕುತ್ತದೆ. ಬ್ಲಾಕಿಗಾದರೆ ಪೂರ್ತಿ ಹಣವನ್ನು ಒಮ್ಮೆಗೇ ಸುರಿಯಬೇಕು. ಅಡಿಕೆ ಮಾರಿದ ಮೇಲೆ ಕೈಯಲ್ಲಿ ಹಣವಾಡುವ ಮನೆಯಲ್ಲಿ ವರ್ಷದ ಹಾಳೆಯನ್ನೆಲ್ಲ ಒಟ್ಟಿಗೆ ತಂದುಬಿಡೋಣ ಎನ್ನಿಸುವುದು ಸಹಜ, ಜನವರಿಯ ಚಿತ್ರಸಂತೆ ಎಂಬ ಕಲಾಮೇಳಕ್ಕೆಂದು ಬೆಂಗಳೂರಿಗೆ ಹೋದಾಗಲಂತೂ ಆ ಆಸೆ ಬಲವಾಗುತ್ತದೆ. ನಾನು ಆಗ ತರುವುದು ಮೇ ತಿಂಗಳವರೆಗೆ ಮುಗಿಯುವಷ್ಟನ್ನು ಮಾತ್ರ. ಡಬ್ಬದಲ್ಲಿ ಮಳೆಗಾಲಕ್ಕೆ ಉಳಿಯುವುದು ಹೆಚ್ಚೆಂದರೆ ಐದಾರು ಪೂರ್ಣ ಹಾಳೆ. ಬಾಕಿ ಅಭ್ಯಾಸಕ್ಕೆ ಶಿವಮೊಗ್ಗದ ಅಂಗಡಿಯಲ್ಲೂ ಸಿಗುವ ತಿರುಳಿನ ಪ್ಯಾಡ್ ಸಾಕು, ಅದರಲ್ಲಿ ಅರ್ಧದಷ್ಟನ್ನು ಹೇಗಿದ್ದರೂ ಮಗಳೇ ಮುಗಿಸುತ್ತಾಳೆ. ವರ್ಷವಿಡೀ ಒಣಹವೆ ಇರುವ ಊರಿನಲ್ಲಿದ್ದು, ಒಂದು ಚಿತ್ರವನ್ನು ಮುಗಿಸಿಯೇ ಏಳುವ ಅಭ್ಯಾಸವಿರುವವರು ಬ್ಲಾಕನ್ನೇ ಕೊಳ್ಳಲಿ. ಒಲೆಯ ಮೇಲಿನ ಹಾಲಿಗೂ ಬಂದ ನೆಂಟರಿಗೂ ನಡುನಡುವೆ ಎದ್ದು ಹೋಗಬೇಕಾದವರಿಗೆ ಬಿಡಿ ಹಾಳೆ, ನಾಲ್ಕು ಹಲಗೆ ಮತ್ತು ಕ್ಲಿಪ್ಪುಗಳೇ ಸರಿ.