ಮೊದಲ ಸಲ ಮರದ ಯುದ್ಧನೌಕೆ ಕಟ್ಟುವವರಿಗೆ: ಸುಲ್ತಾನಾ, ಶೆರ್‌ಬೋರ್ನ್, ವರ್ಜೀನಿಯಾ ಸ್ಲೂಪ್

ಮರದ ಹಾಯಿಹಡಗಿನ ಮಾದರಿ ಕಟ್ಟುವ ಆಸೆ ಹುಟ್ಟಿದವರ ಕಣ್ಣು ಮೊದಲು ಬೀಳುವುದು ಬ್ರಿಟಿಷ್ ಯುದ್ಧನೌಕೆ ಎಚ್‌ಎಂಎಸ್ ವಿಕ್ಟರಿ ಮೇಲೆ. 1765ರಲ್ಲಿ ನೀರಿಗಿಳಿದ ಹಡಗು, 104 ತೋಪು, ಟ್ರಫಾಲ್ಗರ್ ಕದನ, ಅದನ್ನು ಗೆದ್ದ ನೌಕಾಧಿಪತಿ ನೆಲ್ಸನ್. ಬಿಡಿಭಾಗಗಳ ಕಿಟ್ ಬರುವ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದರೆ ಯಾರಿಗಾದರೂ ಬೇಕು ಅನ್ನಿಸುತ್ತದೆ. ನನ್ನ ಮಾತು ಕೇಳಿ, ಬೇಡ. ನೂರು ತೋಪು ಅಂದರೆ ಒಂದು ತೋಪಿನ ಗಾಡಿ ಕೂಡಿಸುವ ಕೆಲಸವನ್ನು ನೂರು ಸಲ ಮಾಡುವುದು. ಆಮೇಲೆ ಮೂರು ಕೂವೆಮರಗಳ (ಹಾಯಿ ಹೊರುವ ಕಂಬಗಳ) ಹಗ್ಗ ಕಾದು ಕೂತಿರುತ್ತದೆ. ಕಲಿಯುವುದಕ್ಕೆ ಒಂದು ಕೂವೆಮರ ಸಾಕು, ಆರೆಂಟು ತೋಪು ಸಾಕು.

ವಿಕ್ಟರಿಯ ನಕ್ಷೆ ಬರೆದ ಸರ್ ಥಾಮಸ್ ಸ್ಲೇಡ್ ಅವರೇ ಒಂದು ಪುಟ್ಟ ಹಡಗಿನ ನಕ್ಷೆಯನ್ನೂ ಬರೆದಿದ್ದರು. ಅದು ಶೆರ್‌ಬೋರ್ನ್, 1763ರಲ್ಲಿ ವುಲಿಚ್‌ನಲ್ಲಿ ನೀರಿಗಿಳಿದ ಕಟರ್. ಒಂದೇ ಕೂವೆಮರ, ಮೂತಿಯಿಂದ ಮುಂದಕ್ಕೆ ಚಾಚಿದ, ಒಡಲಿನಷ್ಟೇ ಉದ್ದ ಅನ್ನಿಸುವ ಮುಂಗಂಬ, ಅಳತೆ ಮೀರಿದ ಹಾಯಿ. ಇಂಗ್ಲಿಷ್ ಕಡಲ್ಗಾಲುವೆಯಲ್ಲಿ ಕಳ್ಳಸಾಗಣೆಯವರನ್ನು ಅಟ್ಟುವುದು ಇದರ ಕೆಲಸ. ಅದಕ್ಕೇ ಇಷ್ಟು ವೇಗದ ಮೈಕಟ್ಟು. ಇದೇ ಕಾಲದ ಇನ್ನೆರಡು ಪುಟ್ಟ ಹಡಗುಗಳ ಕಿಟ್‌ಗಳೂ ಹೊಸಬರಿಗೆಂದು ಸಿಗುತ್ತವೆ. ಒಂದು ಸುಲ್ತಾನಾ. 1767ರಲ್ಲಿ ಬಾಸ್ಟನ್‌ನಲ್ಲಿ ಕಟ್ಟಿದ, ಎರಡು ಕೂವೆಮರದ ಸ್ಕೂನರ್ ಇದು. ಅಮೆರಿಕದ ವಸಾಹತುಗಳಲ್ಲಿ ಸುಂಕ ತಪ್ಪಿಸುವವರನ್ನು ಹಿಡಿಯಲು 1768ರಲ್ಲಿ ಬ್ರಿಟಿಷ್ ನೌಕಾಪಡೆ ಇದನ್ನು ಕೊಂಡಿತು. ಇನ್ನೊಂದು ವರ್ಜೀನಿಯಾ ಸ್ಲೂಪ್. ಅಮೆರಿಕದ ಚೆಸಪೀಕ್ ಕೊಲ್ಲಿಯ ಕಡೆ ಆ ಕಾಲದಲ್ಲಿ ಕಟ್ಟುತ್ತಿದ್ದ, ಒಂದೇ ಕೂವೆಮರದ ಶಸ್ತ್ರಸಜ್ಜಿತ ಸ್ಲೂಪ್‌ಗಳ ಮಾದರಿ ಅದು.

ಮೂರನ್ನೂ ನಾನು ಕಟ್ಟಿದ್ದೇನೆ. ಮೂರರ ನಿಜವಾದ ವ್ಯತ್ಯಾಸ ಇರುವುದು ಒಡಲಿನಲ್ಲಿ. ಸುಲ್ತಾನಾದ್ದು ಗಟ್ಟಿ ಮರದ ತುಂಡು, ಕೆತ್ತಿ ಆಕಾರಕ್ಕೆ ತರಬೇಕು. ವರ್ಜೀನಿಯಾದ್ದು ಚೌಕಟ್ಟಿನ ಮೇಲೆ ಒಂದೇ ಪದರ ಪಟ್ಟಿ. ಶೆರ್‌ಬೋರ್ನ್‌ದು ಎರಡು ಪದರ. ಕಿಟ್ ಕೊಳ್ಳುವಾಗ ನಮ್ಮ ಗಮನ ತೋಪು, ಬಣ್ಣ, ಹಾಯಿಯ ಕಡೆಗೇ ಇರುತ್ತದೆ. ಆದರೆ ಮೊದಲ ಹಡಗು ಮುಗಿಯುತ್ತದೋ ಅರ್ಧಕ್ಕೆ ನಿಲ್ಲುತ್ತದೋ ಎಂಬುದು ಒಡಲು ಕಟ್ಟುವ ಹಂತದಲ್ಲೇ ತೀರ್ಮಾನವಾಗಿಬಿಡುತ್ತದೆ.

ಗಟ್ಟಿ ಮರ

ಸುಲ್ತಾನಾ ಪೆಟ್ಟಿಗೆಯಲ್ಲಿ ಯಂತ್ರದಿಂದ ಅಂದಾಜು ಆಕಾರಕ್ಕೆ ಕೆತ್ತಿದ ಬಾಸ್‌ವುಡ್ ತುಂಡು ಇರುತ್ತದೆ. ನಕ್ಷೆಯಿಂದ ಅಡ್ಡಕೊಯ್ತದ ಆಕಾರಗಳನ್ನು ಕಾರ್ಡ್‌ಬೋರ್ಡಿನಲ್ಲಿ ಕತ್ತರಿಸಿಕೊಳ್ಳಬೇಕು. ಅವನ್ನು ಒಡಲಿಗೆ ಹಿಡಿದು, ಬೆಳಕು ತೂರದ ಹಾಗೆ ಕೂರುವ ತನಕ ಮರ ತೆಗೆಯುತ್ತಾ ಹೋಗಬೇಕು. ಉಳಿ, ಅರ, ಸ್ಯಾಂಡ್‌ಪೇಪರ್ ಇದ್ದರೆ ಆಯಿತು. ಬಾಸ್‌ವುಡ್ ಮೆದು, ಎಳೆ ಸಣ್ಣ, ಉಳಿಗೆ ಸಲೀಸಾಗಿ ಬರುತ್ತದೆ. ಕೆಲಸ ಬೇಗ ಕಣ್ಣಿಗೆ ಕಾಣುತ್ತದೆ. ಒಂದು ವಾರದ ಸಂಜೆಗಳಲ್ಲಿ ಕೈಯಲ್ಲಿ ಹಡಗಿನ ಆಕಾರ ಬಂದಿರುತ್ತದೆ.

ಕಷ್ಟದ ಜಾಗ ಒಂದೇ, ಅಟ್ಟದ (ಡೆಕ್ಕಿನ) ಸುತ್ತಲಿನ ತಡೆಗೋಡೆ. ಅದನ್ನು ಒಂದೂವರೆ ಮಿಲಿಮೀಟರ್‌ಗೆ ಇಳಿಸಬೇಕು. ಅಷ್ಟು ತೆಳುವಾದ ಮೇಲೆ ಉಳಿ ಸ್ವಲ್ಪ ಆಚೀಚೆ ಆದರೂ ಚಕ್ಕೆ ಎದ್ದು ಬರುತ್ತದೆ. ಹಾಗೆ ಮಾಡುವ ಬದಲು ತಡೆಗೋಡೆಯನ್ನು ಅಟ್ಟದ ಮಟ್ಟಕ್ಕೇ ಕೊಯ್ದು ತೆಗೆದು, ತೆಳು ಪಟ್ಟಿಯಿಂದ ಹೊಸದಾಗಿ ಕಟ್ಟುವುದು ಮೇಲು. ನಾನು ಮಾಡಿದ್ದೂ ಹಾಗೆಯೇ, ಯಾರೂ ಗುರುತು ಹಿಡಿಯಲಾರರು.

ಸುಲ್ತಾನಾ ಬಗ್ಗೆ ಇನ್ನೊಂದು ಒಳ್ಳೆಯ ಮಾತು. ಇದರ ಪೂರ್ಣ ಗಾತ್ರದ ಪ್ರತಿರೂಪವೊಂದು 2001ರಿಂದ ಮೇರಿಲ್ಯಾಂಡ್‌ನ ಚೆಸ್ಟರ್‌ಟೌನ್‌ನಲ್ಲಿ ತೇಲುತ್ತಿದೆ. ಹಗ್ಗ ಎಲ್ಲಿ ಹೋಗಿ ಎಲ್ಲಿ ಕಟ್ಟಿಕೊಳ್ಳುತ್ತದೆ ಎಂದು ಗೊಂದಲವಾದಾಗ ಅದರ ಫೋಟೋಗಳು ನಕ್ಷೆಗಿಂತ ಜಾಸ್ತಿ ಉಪಯೋಗಕ್ಕೆ ಬಂದವು.

ಆದರೆ ಇದನ್ನು ಕಟ್ಟಿ ಮುಗಿಸಿದರೂ ಪಟ್ಟಿ ಹೊದಿಸುವ ವಿದ್ಯೆ ಬರುವುದಿಲ್ಲ. ಹಾಗೆಯೇ ಇದು ತೋಪಿನ ಆಸೆ ಇದ್ದವರ ಹಡಗೂ ಅಲ್ಲ. ಸುಲ್ತಾನಾದಲ್ಲಿ ಇದ್ದದ್ದು ಕಟಕಟೆಗೆ ಸಿಕ್ಕಿಸಿ ಅತ್ತಿತ್ತ ತಿರುಗಿಸುವ ಎಂಟು ಚಿಕ್ಕ ತೋಪು ಮಾತ್ರ. ಗಾಡಿಯ ಮೇಲೆ ಕೂರುವ ತೋಪು ಬೇಕು ಅನ್ನುವ ಮಕ್ಕಳಿಗೆ ತೋರಿಸಿದರೆ ಮುಖ ಸಪ್ಪೆಯಾಗುತ್ತದೆ.

ಒಂದು ಪದರ, ಎರಡು ಪದರ

ಇಲ್ಲಿದೆ ನಿಜವಾದ ಪೈಪೋಟಿ. ಎರಡೂ ಕಿಟ್‌ಗಳ ಅಸ್ಥಿಪಂಜರ ಒಂದೇ ಬಗೆಯದು. ನಡುವೆ ಉದ್ದಕ್ಕೂ ಒಂದು ಬೆನ್ನುಹಲಗೆ, ಅದರ ಕಚ್ಚುಗಳಲ್ಲಿ ಕೂರುವ ಅಡ್ಡಹಲಗೆಗಳು. ಇವುಗಳ ಮೇಲೆ ಪಟ್ಟಿ ಬಗ್ಗಿಸಿ ಅಂಟಿಸುತ್ತಾ ಬರಬೇಕು. ಯುರೋಪಿನ ದೊಡ್ಡ ಹಡಗುಗಳನ್ನೂ ಹೀಗೆ ಮೊದಲು ಪಕ್ಕೆಲುಬು ನಿಲ್ಲಿಸಿ, ಆಮೇಲೆ ಹಲಗೆ ಹೊದಿಸಿ ಕಟ್ಟುತ್ತಿದ್ದರು. ನಮ್ಮ ಪಶ್ಚಿಮ ಕರಾವಳಿಯಲ್ಲಿ, ಕೇರಳದ ಬೇಪೂರಿನಲ್ಲಿ ಉರು ಎಂಬ ಮರದ ಹಡಗು ಕಟ್ಟುವವರ ಹಳೆಯ ಪದ್ಧತಿ ಇದಕ್ಕೆ ತಿರುಗಾಮುರುಗಾ. ಅಲ್ಲಿ ಮೊದಲು ಹಲಗೆ, ಆಮೇಲೆ ಪಕ್ಕೆಲುಬು. ಹಾಗೆ ಕಟ್ಟಲು ಆಕಾರವೆಲ್ಲ ಮೇಸ್ತ್ರಿಯ ತಲೆಯಲ್ಲೇ ಇರಬೇಕು. ಕಿಟ್ ಕೊಳ್ಳುವ ನಮ್ಮಂಥವರಿಗೆ ಪಕ್ಕೆಲುಬು ಮೊದಲು ಇದ್ದರೇ ಕ್ಷೇಮ.

ಪಟ್ಟಿ ಅಂಟಿಸುವ ಮೊದಲು ಅಡ್ಡಹಲಗೆಗಳ ಅಂಚನ್ನು ಓರೆಯಾಗಿ ಉಜ್ಜಬೇಕು. ಮೂತಿಯ ಕಡೆ ಮತ್ತು ಹಿಂಭಾಗದಲ್ಲಿ ಇದು ಜಾಸ್ತಿ ಬೇಕಾಗುತ್ತದೆ. ಪಟ್ಟಿಯೊಂದನ್ನು ಒತ್ತಿ ಹಿಡಿದರೆ ಅದು ಪ್ರತಿ ಅಂಚಿಗೂ ಪೂರ್ತಿ ತಾಗಬೇಕು, ಎಲ್ಲೂ ಬರೀ ಮೂಲೆಗೆ ತಗುಲಿ ನಿಲ್ಲಬಾರದು. ಬೇಸರದ ಕೆಲಸ, ನಿಜ. ಆದರೆ ಮುಂದಿನದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಎರಡನೆಯ ತೊಡಕು ಅಗಲದ್ದು. ಹಡಗಿನ ನಡುಭಾಗದ ಸುತ್ತಳತೆ ಜಾಸ್ತಿ, ಮೂತಿಯಲ್ಲಿ ಕಡಿಮೆ. ಪಟ್ಟಿಗಳ ಸಂಖ್ಯೆ ಎರಡೂ ಕಡೆ ಒಂದೇ. ಹಾಗಾಗಿ ಪ್ರತಿ ಪಟ್ಟಿಯೂ ಮೂತಿಯ ಕಡೆಗೆ ಕಿರಿದಾಗುತ್ತಾ ಹೋಗಬೇಕು. ಅರ್ಧ ಅಗಲಕ್ಕಿಂತ ಕಿರಿದು ಮಾಡಬಾರದು ಎಂಬುದು ರೂಢಿ. ಅದಕ್ಕೂ ಮೀರಿದರೆ ಎರಡು ಪಟ್ಟಿಗಳನ್ನು ಒಂದರಲ್ಲಿ ಸೇರಿಸಬೇಕು. ಹಿಂಭಾಗದಲ್ಲಿ ಇದಕ್ಕೆ ಉಲ್ಟಾ, ಅಲ್ಲಿ ಹೆಚ್ಚುವರಿ ತುಂಡು ತೂರಿಸಬೇಕಾಗುತ್ತದೆ.

ಈಗ ಹೇಳಿ, ಇಷ್ಟನ್ನೂ ಮೊದಲ ಸಲವೇ ಸರಿಯಾಗಿ ಮಾಡಲು ಯಾರಿಗೆ ಸಾಧ್ಯ? ಎರಡು ಪದರದ ಕಿಟ್ ಗೆಲ್ಲುವುದು ಇಲ್ಲೇ. ಮೊದಲ ಪದರ ಸಾಮಾನ್ಯವಾಗಿ ಒಂದೂವರೆ ಮಿಲಿಮೀಟರ್ ದಪ್ಪದ ಲೈಮ್ ಮರದ (ನಿಂಬೆಯಲ್ಲ, ಬಾಸ್‌ವುಡ್ ಜಾತಿಯದೇ ಮರ) ಪಟ್ಟಿ. ಸಂದು ಬಿದ್ದರೆ ಫಿಲ್ಲರ್ ತುಂಬಿ, ಉಬ್ಬಿದ್ದರೆ ಉಜ್ಜಿ. ಯಾವ ಪಟ್ಟಿ ಎಲ್ಲಿ ಕಿರಿದಾಯಿತು, ಎಲ್ಲಿ ಹೆಚ್ಚುವರಿ ತುಂಡು ಬಂತು ಎಂಬುದು ಯಾರಿಗೂ ಕಾಣುವುದಿಲ್ಲ. 120ರ ಸ್ಯಾಂಡ್‌ಪೇಪರ್‌ನಿಂದ ಶುರು ಮಾಡಿ 240ಕ್ಕೆ ಬಂದರೆ ಒಡಲು ಮೊಟ್ಟೆಯಷ್ಟು ನುಣುಪಾಗುತ್ತದೆ. ಅದರ ಮೇಲೆ ಎರಡನೆಯ ಪದರ, ತೆಳು ವಾಲ್‌ನಟ್. ಆಗ ಅಗಲದ ಲೆಕ್ಕ ಒಂದು ಸಲ ಮಾಡಿ ಕಲಿತಿರುತ್ತೀರಿ. ಅಂಟಲು ಅಡ್ಡಹಲಗೆಯ ಅಂಚು ಮಾತ್ರವಲ್ಲ, ಪೂರ್ತಿ ಮೈ ಸಿಗುತ್ತದೆ. ಒಂದೇ ಹಡಗಿನಲ್ಲಿ ಅಭ್ಯಾಸವೂ ಆಯಿತು, ಪರೀಕ್ಷೆಯೂ ಆಯಿತು.

ಒಂದು ಪದರದ ವರ್ಜೀನಿಯಾದಲ್ಲಿ ಈ ಅನುಕೂಲ ಇಲ್ಲ. ಅಂಟಿಸಿದ್ದೇ ಕೊನೆಯ ಮೇಲ್ಮೈ. ಬಾಸ್‌ವುಡ್ ಬಿಳಿಚು ಬಣ್ಣದ್ದು, ಸಂದಿನಲ್ಲಿ ತುಂಬಿದ ಫಿಲ್ಲರ್ ಬೇರೆಯಾಗಿಯೇ ಕಾಣುತ್ತದೆ. ಮರಕ್ಕೆ ಬಣ್ಣ ಹೀರಿಸುವ ಸ್ಟೇನ್ ಹಚ್ಚಿದರೆ ಮಚ್ಚೆ ಮಚ್ಚೆ. ಅಂಟು ಮೆತ್ತಿದ ಜಾಗ ಸ್ಟೇನ್ ಹೀರುವುದೇ ಇಲ್ಲ. ನೀರಿನ ಮಟ್ಟದ ಕೆಳಗೆ ಬಿಳಿ ಬಣ್ಣ ಬಳಿದು ಪಾರಾಗಬಹುದು. ಅದು ಚರಿತ್ರೆಗೂ ಸರಿಯೇ. ಆಗ ಹಡಗಿನ ತಳಕ್ಕೆ ಕೊಬ್ಬು, ಗಂಧಕ, ರಾಳ ಬೆರೆಸಿದ ಬಿಳಿಚು ಲೇಪ ಬಳಿಯುತ್ತಿದ್ದರು. ಅಂದಹಾಗೆ, ಈ ಮೂರಕ್ಕೂ ತಾಮ್ರದ ತಗಡು ಹೊದಿಸಲು ಹೋಗಬೇಡಿ. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ಮೇಲೆ ತಾಮ್ರ ಪ್ರಯೋಗಿಸಿದ್ದು ನಿಜ. ಆದರೆ ಎಲ್ಲ ಹಡಗಿಗೂ ಹಾಕತೊಡಗಿದ್ದು 1779ರ ನಂತರ.

ನಾನು ಕಟ್ಟಿದ ಕ್ರಮ ಸುಲ್ತಾನಾ, ಶೆರ್‌ಬೋರ್ನ್, ಕೊನೆಗೆ ವರ್ಜೀನಿಯಾ. ಅಂದರೆ ಒಂದು ಪದರದ ಕೆಲಸಕ್ಕೆ ಬರುವ ಹೊತ್ತಿಗೆ ಕೈ ಪಳಗಿತ್ತು. ಆದರೂ ಮೂರರಲ್ಲಿ ಬೆವರಿಳಿಸಿದ್ದು ಅದೇ. ಎರಡು ಪದರ ಅಂದರೆ ಎರಡು ಪಟ್ಟು ಕೆಲಸ ಎಂದು ಹೊಸಬರು ಹೆದರಿ ಒಂದು ಪದರದ್ದು ಕೊಳ್ಳುತ್ತಾರೆ. ಆ ಲೆಕ್ಕ ತಪ್ಪು. ಮೊದಲ ಪದರ ಒರಟು ಕೆಲಸ, ಬೇಗ ಮುಗಿಯುತ್ತದೆ. ಒಂದು ಪದರದಲ್ಲಿ ಪ್ರತಿ ಪಟ್ಟಿಗೂ ಉಸಿರು ಬಿಗಿಹಿಡಿದು ಕೂರಬೇಕು.

ಆದರೆ ವರ್ಜೀನಿಯಾಕ್ಕೆ ಒಂದು ದೊಡ್ಡ ಅನುಕೂಲ ಇದೆ. ಅದು 1:48 ಅಳತೆಯದು, ಉಳಿದೆರಡು 1:64. ಐದೂವರೆ ಅಡಿಯ ಮನುಷ್ಯ 1:64ರಲ್ಲಿ ಎರಡೂವರೆ ಸೆಂಟಿಮೀಟರ್ ಚಿಲ್ಲರೆ, 1:48ರಲ್ಲಿ ಮೂರೂವರೆ. ಕೇಳಲು ಅಲ್ಪ ವ್ಯತ್ಯಾಸ. ಆದರೆ ಹಗ್ಗ ತೂರುವ ಸಣ್ಣ ರಾಟೆಯೊಂದನ್ನು ಚಿಮಟದಲ್ಲಿ ಹಿಡಿದಾಗ ಗೊತ್ತಾಗುತ್ತದೆ. ಕನ್ನಡಕ ಹಾಕುವ ವಯಸ್ಸಿನವರು ಇದನ್ನು ಗಂಭೀರವಾಗಿಯೇ ಲೆಕ್ಕಕ್ಕೆ ತಗೊಳ್ಳಬೇಕು.

ಬಗ್ಗಿಸುವುದು, ಅಂಟು

ಪಟ್ಟಿ ಬಗ್ಗಿಸಲು ಬಿಸಿನೀರಲ್ಲಿ ನೆನೆಸುವುದನ್ನೂ ನೋಡಿದೆ, ಒಣ ಶಾಖವನ್ನೂ ನೋಡಿದೆ. ನೆನೆಸಿದ ಪಟ್ಟಿ ಉಬ್ಬುತ್ತದೆ. ಒಣಗುವ ಮುಂಚೆ ಅಂಟಿಸಿದರೆ ಆಮೇಲೆ ಕುಗ್ಗಿ ಸಂದು ಬಿಡುತ್ತದೆ. ನಾನಿರುವುದು ಮಂಗಳೂರಿನಲ್ಲಿ. ಜುಲೈನಲ್ಲಿ ಇಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಪಟ್ಟಿ? ಬಾಸ್‌ವುಡ್‌ಗೆ ಒಣ ಶಾಖವೇ ಸಾಕು. ಪಟ್ಟಿಯನ್ನು ಮಣೆಗೆ ಕ್ಲಾಂಪ್ ಹಾಕಿ ಬೇಕಾದಷ್ಟು ಬಾಗಿಸಿ, ಮೇಲೆ ಇಸ್ತ್ರಿ ಪೆಟ್ಟಿಗೆ ಆಡಿಸಿ, ಆರಲು ಬಿಟ್ಟರೆ ಹಾಗೇ ನಿಲ್ಲುತ್ತದೆ. ವಾಲ್‌ನಟ್ ಮಾತ್ರ ಸೆಡವಿನ ಮರ. ಸ್ವಲ್ಪ ನೆನೆಸದಿದ್ದರೆ ಮೂತಿಯ ತಿರುವಿನಲ್ಲಿ ಚಟ್ ಅಂತ ಸೀಳುತ್ತದೆ.

ಅಂಟಿಗೆ ಬಂದರೆ, ಮೊದಲ ಪದರಕ್ಕೂ ಚೌಕಟ್ಟಿಗೂ ಫೆವಿಕಾಲ್. ಸರಿಪಡಿಸಲು ಸಮಯ ಕೊಡುತ್ತದೆ. ಎರಡನೆಯ ಪದರಕ್ಕೆ ಅಂಚಿನಲ್ಲಿ ಫೆವಿಕಾಲ್, ನಡುನಡುವೆ ಒಂದೊಂದು ಹನಿ ಸೂಪರ್ ಗ್ಲೂ. ಆಗ ಪಿನ್ ಹೊಡೆಯುವ ತಂಟೆ ಇಲ್ಲ.

ಮರ, ದಾರ, ಸುಂಕ

ಊರಿನ ಮರ ಬಳಸಬಹುದಾ ಎಂದು ಕೇಳುವವರಿದ್ದಾರೆ. ತೇಗ ನಿಜವಾದ ಹಡಗಿಗೆ ರಾಜ. 1817ರಲ್ಲಿ ಮುಂಬಯಿಯಲ್ಲಿ ಮಲಬಾರ್ ತೇಗದಿಂದ ಕಟ್ಟಿದ ಟ್ರಿಂಕೋಮಲಿ ಎಂಬ ಫ್ರಿಗೇಟ್ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟ್‌ಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಆದರೆ ಮಾದರಿಗೆ ತೇಗ ಆಗದು. ಅದರ ಎಳೆ ಒರಟು. 1:64ರಲ್ಲಿ ಒಂದೊಂದು ಗೆರೆಯೂ ಸೀಳು ಬಿಟ್ಟ ಹಾಗೆ ಕಾಣುತ್ತದೆ. ಸ್ಟ್ಯಾಂಡ್ ಮಾಡಿ, ಚೆನ್ನಾಗಿರುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಆಲೆ ಮರ ಬೇರೆಯೇ. ಬಿಳುಪು, ಎಳೆ ಸಣ್ಣ, ಕಡೆಯಲು ಹಿತ. ಹಗ್ಗ ಸುತ್ತುವ ಗೂಟ, ಪೀಪಾಯಿ, ಇಂಥ ಸಣ್ಣ ವಸ್ತುಗಳಿಗೆ ಕಿಟ್‌ನಲ್ಲಿ ಬಂದದ್ದಕ್ಕಿಂತ ಅದೇ ನನಗೆ ಹಿಡಿಸಿತು.

ಕರಾವಳಿಯವರು ಹಗ್ಗಕ್ಕೆ ಹತ್ತಿಯ ದಾರ ಬಳಸದಿರುವುದು ಒಳ್ಳೆಯದು. ತೇವ ಹೀರಿ ಬಿಗಿಯಾಗುತ್ತದೆ, ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಪಾಲಿಯೆಸ್ಟರ್ ದಾರಕ್ಕೆ ಜೇನುಮೇಣ ಸವರಿ ಬಳಸಿ, ಅಲುಗಾಡುವುದಿಲ್ಲ. ಹಗ್ಗದ ಕೆಲಸದಲ್ಲಿ ಶೆರ್‌ಬೋರ್ನ್ ಮತ್ತು ವರ್ಜೀನಿಯಾ ಹೆಚ್ಚುಕಡಿಮೆ ಸಮ, ಎರಡು ಕೂವೆಮರದ ಸುಲ್ತಾನಾ ತುಸು ಜಾಸ್ತಿ.

ನನ್ನ ಓಟು ಶೆರ್‌ಬೋರ್ನ್‌ಗೆ, ಅಥವಾ ಎರಡು ಪದರದ ಬೇರೆ ಯಾವುದೇ ಕಟರ್‌ಗೆ. ಮರ ಕೆತ್ತುವುದೇ ಇಷ್ಟ, ಬಣ್ಣ ಬಳಿಯುವುದೇ ಇಷ್ಟ ಅನ್ನುವವರು ಸುಲ್ತಾನಾ ತಗೊಳ್ಳಿ, ಪಶ್ಚಾತ್ತಾಪ ಇಲ್ಲ. ವರ್ಜೀನಿಯಾ ಎರಡನೆಯ ಹಡಗಾಗಲಿ.

ಬೆಲೆ ಹೋಲಿಸುವಾಗ ಒಂದು ವಿಷಯ. ಇಂಥ ಕಿಟ್‌ಗಳೆಲ್ಲ ಹೊರದೇಶದಿಂದ ಬರಬೇಕು, ಸುಂಕದ ಪಟ್ಟಿಯಲ್ಲಿ ಇವು ಆಟಿಕೆಗಳ ಸಾಲಿಗೆ ಸೇರುತ್ತವೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಸುಂಕಗಳ್ಳರನ್ನು ಹಿಡಿಯಲು ಓಡಾಡಿದ ಹಡಗುಗಳ ಮಾದರಿಗೇ ಇಷ್ಟು ಸುಂಕ! ಆರ್ಡರ್ ಮಾಡುವ ದಿನ ದರ ಎಷ್ಟಿದೆ ನೋಡಿ, ಅಂಚೆ ಖರ್ಚನ್ನೂ ಸೇರಿಸಿ, ಆಮೇಲೆ ಮೂರರ ಬೆಲೆ ಪಕ್ಕಪಕ್ಕ ಇಡಿ. ಹೊರಗಿನಿಂದ ಬರುವ ಸಂಬಂಧಿಕರ ಕೈಲಿ ತರಿಸುವುದಾದರೆ ಸೂಟ್‌ಕೇಸಿನ ಉದ್ದವನ್ನು ಮೊದಲೇ ಅಳೆದುಕೊಳ್ಳಲು ಹೇಳಿ. ಪಟ್ಟಿಗಳು ಉದ್ದವಿರುತ್ತವೆ, ಪೆಟ್ಟಿಗೆಯೂ ಅದಕ್ಕೆ ತಕ್ಕಂತೆ ಉದ್ದ.