ಮನುಷ್ಯರ ಚಿತ್ರಕ್ಕೆ ಇದ್ದಿಲೋ, ಶಾಯಿ-ಕುಂಚವೋ?

ಹುಬ್ಬಳ್ಳಿಯ ದುರ್ಗದಬೈಲು ಮಾರುಕಟ್ಟೆಯಲ್ಲಿ ಕೂತು ಜನರ ಚಿತ್ರ ಬರೆಯಲು ಹೊರಟವರಿಗೆ ನಾನು ಹೇಳುವುದು: ಮೊದಲು ಇದ್ದಿಲು ಹಿಡೀರಿ. ಮೂಟೆ ಹೊತ್ತ ಹಮಾಲರ ಬೆನ್ನು ಬಾಗಿದಾಗ ಕಡ್ಡಿಯನ್ನು ಅಡ್ಡ ಮಲಗಿಸಿ ಒಮ್ಮೆ ಎಳೆದರೆ ಆ ಭಾರವೆಲ್ಲ ಕಾಗದಕ್ಕೆ ಇಳಿಯುತ್ತದೆ. ತುದಿ ಒತ್ತಿದರೆ ಮೀನಖಂಡ ಬಿಗಿದದ್ದು ಕಾಣುತ್ತದೆ. ತಪ್ಪಿದರೆ ಬೆರಳಿನಿಂದ ಒರೆಸಿ. ಮಾಸಿ ಉಳಿದ ಹಳೆಯ ಗೆರೆ ನನಗಂತೂ ಇಷ್ಟ, ಚಿತ್ರದ ಮನುಷ್ಯ ಅಲುಗಾಡಿದಂತೆ ಕಾಣುತ್ತಾನೆ. ಆದರೆ ವಿಲೋ ಮರದ ಕೊಂಬೆಯ ಮೆದು ಇದ್ದಿಲನ್ನೇ ಕೊಳ್ಳಿ. ಅಂಟು ಬೆರೆಸಿ ಒತ್ತಿದ್ದು ಅಷ್ಟು ಸುಲಭಕ್ಕೆ ಹೋಗದು. ಪುಡಿ ಅಳಿಯದಂತೆ ಹಿಡಿದಿಡುವ ಸ್ಪ್ರೇ, ಅಂದರೆ ಫಿಕ್ಸೆಟಿವ್, ಹೊಡೆಯದಿದ್ದರೆ ಮನೆ ಮುಟ್ಟುವಷ್ಟರಲ್ಲಿ ಚಿತ್ರವೆಲ್ಲ ಮಸಿ.

ಶಾಯಿಯಲ್ಲಿ ಅಳಿಸುವ ಮಾತೇ ಇಲ್ಲ. ಕುಂಚ ಒತ್ತಿದಲ್ಲಿ ದಪ್ಪ, ಎತ್ತಿದಲ್ಲಿ ನೂಲೆಳೆ. ಇಳಕಲ್ ಸೀರೆಯ ನೆರಿಗೆಗೆ ಇದೇ ಸರಿ. 30 ಸೆಕೆಂಡಿನಲ್ಲಿ ಒಂದು ಭಂಗಿ ಬರೆಯುವುದು ಕೈಗೆ ಹತ್ತಿದ ಮೇಲೆ ಶಾಯಿ-ಕುಂಚ ತಗೊಳ್ಳಿ.